ಪಕ್ಷ ಕಳೆಯಲಿ ಎಂದವಳು

ಇಂಡಿ ಊರಿನ ನಿಂಬೆಹಣ್ಣಿನ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಓದು ಬಾರದವರು ಬಹಳ ಜನ ಇದ್ದರು. ಆದರೆ ಶೆಟ್ಟೆವ್ವನಷ್ಟು ನಿಶ್ಚಿಂತೆಯಿಂದ ಓದು ಬಾರದೆ ಇದ್ದವರು ಇನ್ನೊಬ್ಬರಿರಲಿಲ್ಲ. ಕೊರಗು ಯಾಕಿರಬೇಕು? ಬಸ್ಸಿನ ಬೋರ್ಡು, ಔಷಧದ ಚೀಟಿ, ಮದುವೆಯ ಕಾರ್ಡು, ಎಲ್ಲವನ್ನೂ ಓದಿ ಹೇಳಲು ಗಂಡ ಶಂಕ್ರೆಪ್ಪನಿದ್ದ. ಸಂಜೆ ಕೈಕಾಲು ತೊಳೆದುಕೊಂಡು ಅವನು ಕಟ್ಟೆಯ ಮೇಲೆ ಪೇಪರು ಬಿಡಿಸಿ ಕೂತರೆ, ಅವಳು ಎದುರಿಗೆ ಕೂತು ಪಲ್ಯದ ಸೊಪ್ಪು ಸೋಸುತ್ತಿದ್ದಳು. ಅವನು ಮೊದಲ ಪುಟದಿಂದ ಕೊನೆಯ ಪುಟದ ತನಕ ಬಿಡದೆ ಓದುವ ಮನುಷ್ಯ. ಮಂತ್ರಿಗಳ ಭಾಷಣವೂ ಆಯಿತು, ಟೆಂಡರಿನ ಜಾಹೀರಾತೂ ಆಯಿತು, ಕಾಣೆಯಾದವರ ಫೋಟೋದ ಕೆಳಗಿನ ಸಾಲೂ ಆಯಿತು. ನಡುನಡುವೆ ತನ್ನದೊಂದು ಒಗ್ಗರಣೆ ಬೇರೆ. ಯಾವುದು ಪೇಪರಿನ ಮಾತು, ಯಾವುದು ಗಂಡನ ಮಾತು ಎಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಗೊತ್ತುಮಾಡಿಕೊಳ್ಳುವ ಆಸೆಯೂ ಇರಲಿಲ್ಲ.

ಮಗಳು ಪ್ರಜ್ಞಾ ಹೈಸ್ಕೂಲಿನಲ್ಲಿದ್ದಾಗ ಒಂದು ಬೇಸಿಗೆಯಿಡೀ ಪಾಟಿ ಹಿಡಿದು ಅವ್ವನ ಬೆನ್ನು ಬಿದ್ದಿದ್ದಳು. ಶೆಟ್ಟೆವ್ವ ಹೇಗೋ ಹೆಣಗಾಡಿ ನಾಲ್ಕು ಅಕ್ಷರ ತಿದ್ದಿದಳು, ಐದನೆಯದಕ್ಕೆ ಬಳಪ ಕೆಳಗಿಟ್ಟಳು.

“ನಿಮ್ಮಪ್ಪ ಓದಿ ಹೇಳ್ತಾರಲ್ಲವಾ, ನನಗ್ಯಾಕ ಬೇಕ ಈ ಉಸಾಬರಿ?”

ಶಂಕ್ರೆಪ್ಪ ಕಟ್ಟೆಯ ಮೇಲೆ ಕೂತು ನಗುತ್ತಿದ್ದ. ಹೆಂಡತಿಗೆ ಓದು ಬಾರದಿದ್ದದ್ದು ಒಳಗೊಳಗೆ ಅವನಿಗೂ ಹಿತವಾಗಿಯೇ ಇತ್ತು ಎಂದು ಕಾಣುತ್ತದೆ. ದಿನಾ ಸಂಜೆ ಬಾಯಿಬಿಟ್ಟುಕೊಂಡು ಕೇಳುವ ಒಬ್ಬಳಿದ್ದರೆ ಯಾವ ಗಂಡಸಿಗೆ ಬೇಡ?

ಅವನ ಧ್ವನಿಯೂ ಅಂಥದ್ದೇ ಇತ್ತು. ಇಪ್ಪತ್ತೆರಡರ ವಯಸ್ಸಿನಲ್ಲಿ ಅವನು ಯಾಕೂಬಸಾಬರ ದಲಾಲಿ ಅಂಗಡಿಯಲ್ಲಿ ಹಮಾಲಿ ಮಾಡುತ್ತಿದ್ದ. ಒಂದು ದಿನ ಹರಾಜು ಕೂಗುವವನು ಜ್ವರ ಬಂದು ಮಲಗಿಬಿಟ್ಟ. ರೈತರು ಹಣ್ಣು ಸುರಿದುಕೊಂಡು ಕೂತಿದ್ದಾರೆ, ವ್ಯಾಪಾರಿಗಳು ಲಾರಿ ತುಂಬುವ ಗಡಿಬಿಡಿಯಲ್ಲಿದ್ದಾರೆ. ಯಾಕೂಬಸಾಬರಿಗೆ ಏನು ತೋಚಿತೋ, “ಲೇ ಶಂಕ್ರ್ಯಾ, ಚೀಲ ಇಳಸು, ನೀ ಒದರ ನೋಡೂಣು” ಎಂದರು. ಅವತ್ತು ಅವನು ಒದರಿದ್ದು ಬಸ್ ಸ್ಟ್ಯಾಂಡಿನ ತನಕ ಕೇಳಿಸಿತು ಎಂದು ಯಾಕೂಬಸಾಬರು ಇವತ್ತಿಗೂ ಹೇಳುತ್ತಾರೆ. ಅವರು ಸ್ವಲ್ಪ ಉಬ್ಬಿಸಿ ಹೇಳುವ ಮನುಷ್ಯ. ಆದರೂ ಅರ್ಧ ದಾರಿಯ ತನಕವಾದರೂ ಕೇಳಿಸಿರಬೇಕು. ಅಂದು ಬೆನ್ನಿನಿಂದ ಇಳಿದ ಚೀಲವನ್ನು ಅವನು ಮತ್ತೆ ಹೊರಲಿಲ್ಲ. ಮೂವತ್ತೈದು ವರ್ಷ ನಿಂಬೆಯ ರಾಶಿಗಳ ಪಕ್ಕ ನಿಂತು ಕೂಗಿದ.

ಮಾರುಕಟ್ಟೆಯ ಗೋಡೆಯ ಆಚೆ ಅವನು, ಈಚೆ ಶೆಟ್ಟೆವ್ವನ ಒಲೆ. ಬೆಳಿಗ್ಗೆ ರೊಟ್ಟಿ ಬಡಿಯುವಾಗ ಆ ಕೂಗು ಗೋಡೆ ದಾಟಿ ಬರುತ್ತಿತ್ತು. ಗೊಳಸಂಗಿಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ಓಣಿಯ ಹೆಂಗಸರು ಅವಳನ್ನು ಕಾಡುತ್ತಿದ್ದರು: “ಊರ ಮಂದಿಗೆಲ್ಲ ಹಿಂಗ ಒದರತಾನಲ್ಲ, ನಿನ್ನ ಜೋಡಿ ಹೆಂಗ ಮಾತಾಡ್ತಾನವಾ?” ಅವಳು ತಲೆ ತಗ್ಗಿಸಿ ನಗುತ್ತಿದ್ದಳು. ಹೇಳುವುದಾದರೂ ಏನು? ಮನೆಯ ಹೊಸ್ತಿಲು ದಾಟಿದ ಕೂಡಲೇ ಅವನ ಧ್ವನಿ ಬೇರೆಯಾಗುತ್ತಿತ್ತು. ಮೆಲ್ಲಗೆ, ತುಸು ಎಳೆದು, ಕೊನೆಯಲ್ಲಿ ಒಂದು ನಗೆ ಬೆರೆಸಿ ಮಾತಾಡುತ್ತಿದ್ದ. ಮಾರುಕಟ್ಟೆಯ ಧ್ವನಿ ಇಡೀ ಇಂಡಿಗೆ ಗೊತ್ತಿತ್ತು. ಮನೆಯ ಧ್ವನಿ ಗೊತ್ತಿದ್ದದ್ದು ಅವಳಿಗೆ, ಅಷ್ಟಿಷ್ಟು ಮಗಳಿಗೆ.

ಹೋದ ಬೇಸಿಗೆಯಲ್ಲಿ ಆ ಧ್ವನಿ ಒಡೆಯಿತು. ದಿನಾ ಕೂಗುವ ಗಂಟಲು, ಕಟ್ಟಿದರೆ ಏನು ಆಶ್ಚರ್ಯ ಎಂದು ಎಲ್ಲರೂ ಅಂದುಕೊಂಡರು. ಅರಿಶಿಣದ ಹಾಲು ಆಯಿತು, ಜ್ಯೇಷ್ಠಮಧು ಆಯಿತು, ಯಾಕೂಬಸಾಬರು ಎಲ್ಲಿಂದಲೋ ತರಿಸಿಕೊಟ್ಟ ಜೇನುತುಪ್ಪವೂ ಮುಗಿಯಿತು. ಮಳೆಗಾಲ ಬಂದರೂ ಗಂಟಲು ಬಿಡಲಿಲ್ಲ. ಮದುವೆಯಾಗಿ ಸಿಂದಗಿಯಲ್ಲಿ ಟೀಚರಾಗಿದ್ದ ಪ್ರಜ್ಞಾ ಸಾಲೆಗೆ ರಜೆ ಹಾಕಿ ಬಂದು ಅಪ್ಪನನ್ನು ವಿಜಯಪುರದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು. ನಳಿಗೆ ಇಳಿಸಿ ನೋಡಿದರು, ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಕಡೆಗೆ ಡಾಕ್ಟರು ಮೂವರನ್ನೂ ಕೂರಿಸಿ ಹೇಳಿದರು: ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ ಬೆಳೆದಿದೆ. ಪೆಟ್ಟಿಗೆಯನ್ನೇ ತೆಗೆಯಬೇಕು. ಜೀವ ಉಳಿಯುತ್ತದೆ, ಧ್ವನಿ ಉಳಿಯುವುದಿಲ್ಲ. ಆಪರೇಷನ್ನಿಗೆ ದಸರೆ ಮುಗಿದ ನಾಲ್ಕನೆಯ ದಿನ ನಿಗದಿಯಾಯಿತು.

ಅಲ್ಲಿಂದ ಅವರನ್ನು ಇನ್ನೊಂದು ಕೋಣೆಗೆ ಕಳಿಸಿದರು. ಮಾತು ಹೋಗುವವರಿಗೆ ಮುಂದಿನ ದಾರಿ ತೋರಿಸುವ ಅಫ್ರೀನ ಎಂಬ ಹುಡುಗಿ ಅಲ್ಲಿದ್ದಳು. ಸಣ್ಣ ವಯಸ್ಸು, ಆದರೆ ನಿಧಾನ ಬಲ್ಲವಳು.

“ಕಾಕಾ, ನಿಮಗ ಬರಿಯಾಕ ಬರತೈತೇನ್ರಿ?”

“ಏಳನೇತ್ತಾ ಕಲ್ತೇನ್ರಿ.” ಒಡೆದ ಧ್ವನಿಯಲ್ಲೂ ಶಂಕ್ರೆಪ್ಪನಿಗೆ ಒಂದು ಗತ್ತಿತ್ತು. “ದಿನಾ ಪೇಪರ ಓದ್ತೇನಿ.”

“ಛಲೋ ಆತಲ್ರಿ. ಹಂಗಾರ ಆಮ್ಯಾಲ ಬರದ ತೋರಸಬಹುದು.”

ಶಂಕ್ರೆಪ್ಪ ಪಕ್ಕಕ್ಕೆ ಕೈ ತೋರಿಸಿದ. “ಇಕಿಗೆ ಓದಾಕ ಬರಂಗಿಲ್ರಿ.”

ಅಫ್ರೀನ ಆಗ ಶೆಟ್ಟೆವ್ವನ ಕಡೆ ತಿರುಗಿದಳು. ಜೀವಮಾನದಲ್ಲಿ ಮೊದಲ ಸಲ ಶೆಟ್ಟೆವ್ವನಿಗೆ ತನ್ನ ಅನಕ್ಷರತೆ ನಾಲ್ಕು ಮಂದಿಯ ನಡುವೆ ಸೀರೆ ಹರಿದಂತೆ ನಾಚಿಕೆಯೆನಿಸಿತು. ಆ ಹುಡುಗಿ ಮೇಜಿನ ಖಾನೆಯಿಂದ ಒಂದು ಟ್ಯಾಬ್ ತೆಗೆದು ಅವಳ ಮುಂದೆ ಇಟ್ಟಳು. ಪಾಟಿಯಷ್ಟು ಅಗಲ, ಮೇಲೆ ಸಾಲುಸಾಲು ಚಿತ್ರ. ನೀರಿನ ಚಿತ್ರ ಒತ್ತಿದರೆ ನೀರು ಬೇಕು ಎನ್ನುತ್ತದೆ, ಗುಳಿಗೆಯ ಚಿತ್ರ ಒತ್ತಿದರೆ ಗುಳಿಗೆ ಬೇಕು ಎನ್ನುತ್ತದೆ. ಕೆಳಗೆ ಬರೆಯಲು ಜಾಗವಿದೆ. ಬರೆದು ಸ್ಪೀಕರಿನ ಚಿತ್ರ ಒತ್ತಿದರೆ ಬರೆದದ್ದನ್ನೇ ಹೇಳುತ್ತದೆ. ಫೋನಿನಲ್ಲೂ ಆಗುತ್ತದೆ, ಆದರೆ ಕಾಕಾನ ದಪ್ಪ ಬೆರಳಿಗೆ ಫೋನು ಸಾಲುವುದಿಲ್ಲ ಎಂದಳು.

“ಯಾರ ಧ್ವನಿ ಬರತೈತಿ ಅದರಾಗ?” ಎಂದು ಶೆಟ್ಟೆವ್ವ ಕೇಳಿದಳು.

“ಅದನ್ನ ಹೇಳಾಕತ್ತೇನ್ರಿ ಅವ್ವಾರ. ಈಗ ತಗೊಂಡ್ರ ಕಾಕಾನ ಧ್ವನೀನ ತುಂಬಬಹುದು. ದಿನಾ ಆಡೂ ಮಾತು, ಮಂದಿ ಹೆಸರು, ಮನಸಿನ್ಯಾಗ ಇದ್ದದ್ದು, ಏನ ಬೇಕಾದ್ರೂ. ಒಂದೊಂದ ಚಿತ್ರದ ಹಿಂದ ಒಂದೊಂದ ಮಾತು. ಆಪರೇಶನ್ ಆದಮ್ಯಾಲ ತಗೊಂಡ್ರ ಕಂಪನಿಯವರ ಧ್ವನಿನ ಗತಿ. ಟ್ಯಾಬ್ ಬರೂತನಕ ಫೋನಿನ್ಯಾಗ ತುಂಬಿದ್ರೂ ನಡೀತೈತಿ. ತಡಾ ಮಾತ್ರ ಮಾಡಬ್ಯಾಡ್ರಿ.”

ಆ ಹುಡುಗಿ ಇಷ್ಟು ಸ್ಪಷ್ಟವಾಗಿ ಹೇಳಿದ್ದಳು. ಕೇಳಿಸಲಿಲ್ಲ ಎನ್ನುವಂತಿಲ್ಲ.

ಮರುದಿನ ಅಳಿಯ ಮುತ್ತುರಾಜನೂ ಇಂಡಿಗೆ ಬಂದ. ಮುದ್ದೇಬಿಹಾಳದ ಹುಡುಗ, ಸಿಂದಗಿಯಲ್ಲಿ ಝೆರಾಕ್ಸ್ ಮಾಡುವ, ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇಟ್ಟುಕೊಂಡವನು. ಇಂಥ ಸಾಮಾನಿನ ವಿಷಯದಲ್ಲಿ ಮನೆಯಲ್ಲಿ ಅವನದೇ ಕೊನೆಯ ಮಾತು. ಅವನು ಫೋನಿನಲ್ಲಿ ಬೆರಳಾಡಿಸಿ ಹೇಳಿದ:

“ಮಾವ, ಈಗ ಸಿಗೂವು ಹಳೇ ಮಾಡೆಲ್ ಅದಾವ್ರಿ. ದಸರಾಕ್ಕ ಹೊಸಾದ ಬರತೈತಿ, ಆಫರೂ ಇರತೈತಿ. ಬ್ಯಾಟರಿನೂ ಬಾಳ ಹೊತ್ತ ಬರತೈತಿ. ಆದ್ರ ಅವಸರ ಐತಿ ಅಂದ್ರ ಇವತ್ತ ತರೂಣ್ರಿ, ನಂದೇನಿಲ್ಲ.”

“ಅವಸರ ಐತಿ,” ಎಂದಳು ಪ್ರಜ್ಞಾ. “ಇವತ್ತ ಹೋಗಿ ತಗೊಂಡ ಬಾ.”

ಒಲೆಯ ಮುಂದಿದ್ದ ಶೆಟ್ಟೆವ್ವ ಅಲ್ಲಿಂದಲೇ ಅಂದಳು: “ಇವತ್ತ ಬ್ಯಾಡ. ಪಕ್ಷ ಕಳೀಲಿ.”

ಅವರ ಮನೆಯ ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ ಇತ್ತು, ಪಕ್ಕದಲ್ಲಿ ಬುದ್ಧ. ಅವೆರಡೂ ಶಂಕ್ರೆಪ್ಪ ತಂದವು. ಮಗಳಿಗೆ ಪ್ರಜ್ಞಾ ಎಂದು ಹೆಸರಿಟ್ಟವನೂ ಅವನೇ. ಕೆಳಗೆ ದೇವರ ಜಗಲಿಯ ಮೇಲೆ ಎಲ್ಲಮ್ಮ ಇದ್ದಳು, ಅದು ಶೆಟ್ಟೆವ್ವನ ಇಲಾಖೆ. ಅವನು ಅವಳ ದೇವರಿಗೆ ಕೈ ಹಚ್ಚಲಿಲ್ಲ, ಅವಳು ಅವನ ಗೋಡೆಗೆ ಕೈ ಹಚ್ಚಲಿಲ್ಲ. ಹೀಗೇ ಸಂಸಾರ ಸುಸೂತ್ರವಾಗಿ ನಡೆದಿತ್ತು. ಮಾರ್ನಮಿ ಅಮಾವಾಸ್ಯೆಯ ಹಿಂದಿನ ಹದಿನೈದು ದಿನ ಹಿರಿಯರ ಪಕ್ಷ. ಆ ದಿನಗಳಲ್ಲಿ ಅವಳ ಮನೆಗೆ ಹೊಸ ಸೀರೆ ಬರುತ್ತಿರಲಿಲ್ಲ, ಹೊಸ ಪಾತ್ರೆ ಬರುತ್ತಿರಲಿಲ್ಲ. ಪಕ್ಷದಲ್ಲಿ ತಂದದ್ದು ಸತ್ತವರ ಪಾಲು ಎಂದು ಅವಳ ತವರಿನಲ್ಲೂ ನಡೆದುಬಂದಿತ್ತು, ಅತ್ತೆಯೂ ಅದನ್ನೇ ಕಲಿಸಿ ಹೋಗಿದ್ದಳು.

“ಅವ್ವಾ, ನೀ ಸೀರಿ ತರಬ್ಯಾಡ ಅಂದಿ, ಬಿಟ್ಟೆ. ಇದು ಅಪ್ಪನ ಮಾತಿನ ವಿಚಾರ ಐತಿ,” ಎಂದು ಪ್ರಜ್ಞಾ ಎದ್ದು ನಿಂತಳು.

“ಅದಕ್ಕ ಬ್ಯಾಡ ಅನ್ನಾಕತ್ತೇನಿ. ಇದ್ದ ಮನಷ್ಯಾನ ಧ್ವನಿ ತಗದ ಬ್ಯಾರೆ ಇಡೂದು, ಅದೂ ಹಿರಿಯಾರ ಪಕ್ಷದಾಗ. ಅವರ ಕೈಯಾಗ ನಾವ ಕೊಟ್ಟಂಗ ಆಗೂದಿಲ್ಲೇನ?”

“ಫೋನಿನ್ಯಾಗರ ತುಂಬೂಣು. ಫೋನ್ ಹಳೇದೈತಲ್ಲ!”

“ಫೋನ್ ಹಳೇದು, ತುಂಬೂದು ಹೊಸಾದಲ್ಲೇನ? ಬ್ಯಾಡ ಅಂದ್ರ ಬ್ಯಾಡ.”

ಪ್ರಜ್ಞಾ ಅಪ್ಪನ ಕಡೆ ನೋಡಿದಳು. ಶಂಕ್ರೆಪ್ಪನ ಕೆಲಸವೇ ಅದಾಗಿತ್ತು: ಕೂಗು ಎಲ್ಲಿ ಏರುತ್ತದೆ, ಎಲ್ಲಿ ನಿಲ್ಲುತ್ತದೆ, ಇನ್ನೂ ಕಾಯಬೇಕೋ, ಈಗಲೇ ಹರಾಜು ಮುಗಿಸಬೇಕೋ ಎಂದು ಕಣ್ಣಲ್ಲೇ ಅಳೆಯುವುದು. ಮೂವತ್ತೈದು ವರ್ಷದಲ್ಲಿ ಅವನ ಲೆಕ್ಕ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಅವನು ಹೆಂಡತಿಯ ಮುಖ ನೋಡಿದ. ಅವಳು ಹಟಕ್ಕೆ ನಿಂತಿರಲಿಲ್ಲ, ಹೆದರಿದ್ದಳು. ಅದು ಅವನಿಗೊಬ್ಬನಿಗೇ ಕಂಡಿತು.

“ಇಕಿ ಮಾತ ಇರ್ಲಿ,” ಎಂದ. “ಪಕ್ಷ ಕಳೀಲಿ. ಮುತ್ತುರಾಜ ಹೇಳಿದಂಗ ಬನ್ನಿ ದಿನ ಹೊಸಾದ ತರೂಣು. ಆಮ್ಯಾಲ ನಾಕ ದಿನ ಇರತಾವಲ್ಲ, ಸಾಕ. ಈ ಒಡಕ ಧ್ವನಿ ತುಂಬಿ ಏನ ಮಾಡೂದು? ಅಲ್ಲೀತನಕ ಗಂಟಲಕ ವಿಶ್ರಾಂತಿ ಕೊಡ್ತೇನಿ. ಆಗ ತುಂಬಿದ್ರ ಖಣಖಣ ಅಂತೈತಿ.”

ಪ್ರಜ್ಞಾ ಊಟ ಮಾಡದೆ ಸಿಂದಗಿಯ ಬಸ್ಸು ಹತ್ತಿದಳು.

ಶಂಕ್ರೆಪ್ಪ ಮಾತಿನ ಮನುಷ್ಯ. ಅಂದ ಮೇಲೆ ಮುಗಿಯಿತು, ಅವತ್ತಿನಿಂದಲೇ ಮೌನ ಹಿಡಿದ. ಮಾರುಕಟ್ಟೆಗೆ ಹೋಗುವುದು ಬಿಟ್ಟ. ಗೋಡೆಯಾಚೆಯಿಂದ ಬೇರೆ ಯಾರದೋ ಕೂಗು ಬರತೊಡಗಿತು. ಸಂಜೆ ಪೇಪರು ಬಿಡಿಸಿ ಮನಸ್ಸಿನಲ್ಲೇ ಓದಿಕೊಂಡು ಮಡಚಿಡುತ್ತಿದ್ದ. ಶೆಟ್ಟೆವ್ವ ಎದುರಿಗೆ ಕೂತು ಪಲ್ಯ ಸೋಸುತ್ತ ಅವನ ಮುಖದ ಮೇಲೆ ಸುದ್ದಿ ಹುಡುಕುತ್ತಿದ್ದಳು. ಒಮ್ಮೊಮ್ಮೆ ಅವನು ಏನನ್ನೋ ಓದಿ ತನ್ನಷ್ಟಕ್ಕೆ ನಕ್ಕರೆ, “ಏನೈತ್ರಿ?” ಎಂದು ಕೇಳುವುದಕ್ಕೆ ಬಾಯಿ ತೆರೆದು, ಅವನು ಉತ್ತರ ಕೊಡಬೇಕಾಗುತ್ತದಲ್ಲ ಎಂದು ಸುಮ್ಮನಾಗುತ್ತಿದ್ದಳು. ಹೀಗೆ ಅವಳೂ ಮೂಕಿಯಾದಳು.

ಅವನು ಸಾಲೆಯ ಹುಡುಗರು ಬರೆಯುವ ಒಂದು ನೋಟಬುಕ್ಕು ತಂದುಕೊಂಡಿದ್ದ. ಬನ್ನಿಯ ದಿನದಿಂದ ಟ್ಯಾಬಿನಲ್ಲಿ ತುಂಬಬೇಕಾದ ಮಾತುಗಳನ್ನು ದಿನಾ ಕೂತು ಅದರಲ್ಲಿ ಬರೆಯುತ್ತಿದ್ದ. ಬರೆದು, ಹೊಡೆದು ಹಾಕಿ, ಮತ್ತೆ ಬರೆದು. ಸಣ್ಣವನಿದ್ದಾಗ ಪರೀಕ್ಷೆಗೂ ಅಷ್ಟು ಶ್ರದ್ಧೆಯಿಂದ ಓದಿರಲಿಕ್ಕಿಲ್ಲ.

“ಅಷ್ಟೆಲ್ಲಾ ಏನ ಬರಿಯಾಕತ್ತೀರಿ?” ಎಂದು ಅವಳು ಒಂದು ಮಧ್ಯಾಹ್ನ ತಡೆಯಲಾರದೆ ಕೇಳಿದಳು.

ಅವನು ಸುತ್ತ ನೋಡಿ, ಕಳ್ಳನ ಹಾಗೆ ಪಿಸುಗುಟ್ಟಿದ: “ಬನ್ನಿ ದಿನ ಕೇಳೀಯಂತ.”

ಹದಿನೈದು ದಿನ ಅವನ ಗಂಟಲಲ್ಲಿ ಧ್ವನಿ ಇತ್ತು. ಒಡೆದದ್ದೇ ಇರಲಿ, ಅವನದೇ ಧ್ವನಿ. ಆ ಹದಿನೈದು ದಿನವೂ ಅದನ್ನು ಹಬ್ಬಕ್ಕೆಂದು ಡಬ್ಬಿಯಲ್ಲಿಟ್ಟ ತುಪ್ಪದ ಹಾಗೆ ಮುಚ್ಚಿಟ್ಟರು. ಈಗ ಶೆಟ್ಟೆವ್ವ ಅದನ್ನೇ ನೆನೆಯುತ್ತಾಳೆ. ಏನಾದರೂ ಮಾತಾಡಿಸಿಕೊಳ್ಳಬಹುದಿತ್ತು. ಜಗಳವಾದರೂ ಆಡಬಹುದಿತ್ತು.

ಅಮಾವಾಸ್ಯೆಯ ದಿನ ಅವಳು ಬೆಳಿಗ್ಗೆಯೇ ಎದ್ದು ಮನೆ ಸಾರಿಸಿ, ಹೂರಣ ರುಬ್ಬಿ ಹೋಳಿಗೆಗೆ ಕೂತಿದ್ದಳು. ಹಿರಿಯರಿಗೆ ಎಡೆ ಹಿಡಿದುಬಿಟ್ಟರೆ ಪಕ್ಷ ಮುಗಿಯಿತು, ಇನ್ನು ಹತ್ತೇ ದಿನ ಎಂದು ಅವಳ ಮನಸ್ಸು ಹಗುರಾಗಿತ್ತು. ಎರಡು ದಿನದಿಂದ ಶಂಕ್ರೆಪ್ಪನ ಉಸಿರಿನಲ್ಲಿ ಸಣ್ಣಗೆ ಸಿಳ್ಳೆ ಹೊಡೆದಂಥ ಸದ್ದು ಕೇಳುತ್ತಿತ್ತು. ಮಾತಾಡದೆ ಇದ್ದದ್ದರಿಂದ ಕಫ ಕಟ್ಟಿರಬೇಕೆಂದು ಇಬ್ಬರೂ ಅಂದುಕೊಂಡಿದ್ದರು. ಎಡೆಯ ಮುಂದೆ ಊದುಬತ್ತಿ ಹಚ್ಚಲು ಬಗ್ಗಿದವನು ಹಾಗೆಯೇ ಗೋಡೆ ಹಿಡಿದು ಕುಸಿದ. ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತಿದ್ದ, ಗಾಳಿ ಒಳಗೆ ಹೋಗುತ್ತಿರಲಿಲ್ಲ. ಅವಳು ಓಣಿಗೆ ಓಡಿ ಬಂದು ಕಿರುಚಿದಳು.

ಯಾಕೂಬಸಾಬರು ತಮ್ಮ ಗಾಡಿ ತಂದರು. ಹಿಂದಿನ ಸೀಟಿನಲ್ಲಿ ಅವನ ತಲೆಯನ್ನು ಎದೆಗೆ ಒರಗಿಸಿಕೊಂಡು ಶೆಟ್ಟೆವ್ವ ಕೂತಳು. ವಿಜಯಪುರದ ದಾರಿ ಅವತ್ತು ಮುಗಿಯಲೇ ಇಲ್ಲ. ಅರ್ಧ ದಾರಿಯಲ್ಲಿ ಅವನಿಗೆ ತುಸು ಉಸಿರು ಸಿಕ್ಕಿತು. ಅವಳ ಮುಂಗೈ ಗಟ್ಟಿಯಾಗಿ ಹಿಡಿದು, ಮುಖವನ್ನು ಅವಳ ಕಿವಿಯ ಹತ್ತಿರ ತಂದ. ಹದಿನೈದು ದಿನದ ಮೇಲೆ ಮನೆಯ ಆ ಧ್ವನಿ ಬಂತು, ತೀರ ಸಣ್ಣದಾಗಿ.

“ಏ... ನಾ ನಿನಗ...”

“ಮಾತಾಡಬ್ಯಾಡ್ರಿ,” ಎಂದು ಅವಳು ಅಂಗೈಯಿಂದ ಅವನ ಬಾಯಿ ಮುಚ್ಚಿದಳು. “ಉಳಸ್ರಿ. ಬನ್ನಿ ದಿನಕ್ಕ ಬೇಕಲ್ಲ.”

ಅವನು ಅವಳ ಮಾತು ಕೇಳಿ ಬಾಯಿ ಮುಚ್ಚಿದ.

ಆಸ್ಪತ್ರೆಯಲ್ಲಿ ಓಡೋಡುತ್ತಲೇ ಒಳಗೆ ತೆಗೆದುಕೊಂಡು ಹೋಗಿ ಕುತ್ತಿಗೆಯ ಕೆಳಗೆ ತೂತು ಮಾಡಿ ಉಸಿರಿನ ನಳಿಗೆ ಕೂರಿಸಿದರು. ಗಡ್ಡೆ ಊದಿಕೊಂಡು ಉಸಿರಿನ ದಾರಿಯನ್ನೇ ಮುಚ್ಚಿತ್ತಂತೆ. ಉಸಿರು ನಳಿಗೆಯಿಂದಲೇ ಆಡತೊಡಗಿದ ಮೇಲೆ ಅವನ ಗಂಟಲಿನಿಂದ ಧ್ವನಿ ಹೊರಡಲಿಲ್ಲ. ಇನ್ನು ಕಾಯುವಂತಿಲ್ಲ ಎಂದು ಆ ವಾರದಲ್ಲೇ ದೊಡ್ಡ ಆಪರೇಷನ್ ಮಾಡಿದರು. ಅದಕ್ಕೂ ಮುಂಚೆ ಅಫ್ರೀನ ವಾರ್ಡಿಗೆ ಬಂದು ಪ್ರಜ್ಞಾಳನ್ನು ಪಕ್ಕಕ್ಕೆ ಕರೆದಳು. “ಧ್ವನಿ ತುಂಬಿ ಇಟ್ರೇನ್ರಿ?” ಪ್ರಜ್ಞಾ ಇಲ್ಲವೆಂದು ತಲೆಯಾಡಿಸಿದಳು. ಮಗಳು ಆಗಲೂ ಅವ್ವನಿಗೆ ಒಂದು ಮಾತು ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಶೆಟ್ಟೆವ್ವನಿಗೆ ಅನಿಸಿತು.

ಬನ್ನಿಯ ದಿನ ವಾರ್ಡಿನಲ್ಲೇ ಬಂತು. ನರ್ಸಮ್ಮ ಎಲ್ಲರ ದಿಂಬಿನ ಪಕ್ಕ ನಾಲ್ಕು ಬನ್ನಿ ಎಲೆ ಇಟ್ಟು ಹೋದಳು. ಸಂಜೆ ಮುತ್ತುರಾಜ ಬಂದ, ಕೈಯಲ್ಲಿ ಹೊಸ ಟ್ಯಾಬಿನ ಡಬ್ಬಿ. ಅವನು ಹೇಳಿದ್ದ ಹೊಸ ಮಾಡೆಲ್ಲೇ, ಬ್ಯಾಟರಿಯೂ ದೊಡ್ಡದು. ಡಬ್ಬಿಯನ್ನು ಮಂಚದ ಮೇಲಿಟ್ಟು ಅವನು ಹೊರಗೆ ಹೋಗಿ ಬಹಳ ಹೊತ್ತು ಜಿನೆಯ ಮೆಟ್ಟಿಲ ಮೇಲೆ ಕೂತಿದ್ದ.

ಪ್ರಜ್ಞಾ ಸುಮ್ಮನೆ ಕೂರುವವಳಲ್ಲ. ಅಪ್ಪನ ಧ್ವನಿ ಎಲ್ಲಿಯಾದರೂ ಸಿಕ್ಕೀತೆಂದು ಹುಡುಕಿದಳು. ಅವಳ ಮದುವೆಯ ವಿಡಿಯೋದಲ್ಲಿ ಅಪ್ಪ ಮಾತಾಡುವ ಕಡೆಯೆಲ್ಲ ಬ್ಯಾಂಡಿನವರದೇ ಗದ್ದಲ. ಫೋನಿನಲ್ಲಿ ಅವನು ಯಾವತ್ತೂ ಧ್ವನಿ ಕಳಿಸಿದವನಲ್ಲ, ನೇರ ಕರೆ ಮಾಡುವವ. ಕಡೆಗೆ ಯಾಕೂಬಸಾಬರ ಮಗ ಯುನೂಸನ ಫೋನಿನಲ್ಲಿ ಹರಾಜಿನ ಒಂದು ವಿಡಿಯೋ ಸಿಕ್ಕಿತು. ಮಂದಿಯ ಗಲಾಟೆಯ ನಡುವೆ ಶಂಕ್ರೆಪ್ಪ ಗಂಟಲು ಹರಿಯುವಂತೆ ದರ ಕೂಗುತ್ತಿದ್ದಾನೆ. ಬರೀ ಅಂಕಿ. ಅದನ್ನು ಕೇಳಿ ಶೆಟ್ಟೆವ್ವ, “ಇದು ಅಲ್ಲ,” ಎಂದಳು. “ಇದು ಮಾರ್ಕೆಟ್ಟಿಂದು. ಮನೀದು ಬ್ಯಾರೆ ಇತ್ತು.”

ಹಾಗಾಗಿ ಕಂಪನಿಯವರ ಧ್ವನಿಯೇ ಗತಿಯಾಯಿತು. ಮನೆಗೆ ಬಂದ ಮೇಲೆ ಮುತ್ತುರಾಜ ಮೊದಲು ಗಂಡಸಿನ ಧ್ವನಿ ಹಾಕಿ ತೋರಿಸಿದ. ಶೆಟ್ಟೆವ್ವ ಸೆರಗು ತಲೆಯ ಮೇಲೆ ಎಳೆದುಕೊಂಡಳು. “ಬ್ಯಾಡ್ರಿ. ಮನ್ಯಾಗ ಇನ್ನೊಬ್ಬ ಗಂಡಸ ಬಂದ ಕುಂತಂಗ ಆಕೈತಿ.” ಅದನ್ನು ಕೇಳಿ ಶಂಕ್ರೆಪ್ಪನಿಗೆ ನಗು ಬಂದು, ಕುತ್ತಿಗೆಯ ತೂತಿನಿಂದ ಬುಸ್ಸೆಂದು ಗಾಳಿ ಬಂತು. ಅವನ ನಗು ಇನ್ನು ಮುಂದೆ ಹೀಗೆ ಎಂದು ಅವಳಿಗೆ ಆಗ ತಿಳಿಯಿತು. ಕೊನೆಗೆ ಹೆಂಗಸಿನ ಧ್ವನಿಯೇ ಇರಲಿ ಎಂದಾಯಿತು.

ಪ್ರಜ್ಞಾ ನೋಟಬುಕ್ಕು ತೆರೆದು ಅಪ್ಪ ಬರೆದಿದ್ದ ಮಾತುಗಳನ್ನು ಒಂದೊಂದಾಗಿ ಟ್ಯಾಬಿಗೆ ಏರಿಸಿದಳು. ‘ಪಲ್ಯಾದಾಗ ಉಪ್ಪ ಕಮ್ಮಿ ಆಗೇತಿ.’ ‘ಯಾಕೂಬಸಾಬರ ಬಂದ್ರ ಚಾ ಮಾಡು.’ ‘ಇವತ್ತ ಪೇಪರಿನ್ಯಾಗ ಮಜಾ ಸುದ್ದಿ ಐತಿ.’ ಅವನು ಬರೆದದ್ದನ್ನು ಇದ್ದಂತೆಯೇ ಹಾಕಿದರೆ ಯಂತ್ರ ಹೊಸದಾಗಿ ಓದು ಕಲಿತ ಕೂಸಿನ ಹಾಗೆ ಮುಗ್ಗರಿಸುತ್ತಿತ್ತು. ಅದಕ್ಕೆ ಅವಳು ಎಲ್ಲವನ್ನೂ ಪುಸ್ತಕದ ಮಾತಿಗೆ ತಿರುಗಿಸಿದಳು. ಹಾಳೆ ತಿರುಗಿಸುತ್ತ ಹೋದವಳು ಕೊನೆಯ ಕಡೆ ಒಂದು ಪುಟದಲ್ಲಿ ನಿಂತಳು.

“ಅವ್ವಾ, ಇಲ್ಲಿ ಮ್ಯಾಲ ‘ಇಕಿಗೆ’ ಅಂತ ಬರದಾನ.”

“ಕೆಳಗೇನೈತಿ?”

“ಏನೂ ಇಲ್ಲ. ಬರೇ ಹಾಳಿ.”

ಅದನ್ನು ಅವನು ಬರೆದಿಟ್ಟುಕೊಳ್ಳುವ ಗೋಜಿಗೇ ಹೋಗಿರಲಿಲ್ಲ. ಬಾಯಿಂದಲೇ ಹೇಳುವವನಿದ್ದ. ಶಂಕ್ರೆಪ್ಪ ಕೈ ಚಾಚಿ ನೋಟಬುಕ್ಕು ತೆಗೆದುಕೊಂಡು ಮುಚ್ಚಿದ.

ಈಗ ಅವನು ಮನೆಯಲ್ಲೇ ಇರುತ್ತಾನೆ. ಗಾಯ ಮಾಯ್ದಿದೆ, ಮೆತ್ತಗಿನ ಊಟ ಹೋಗುತ್ತದೆ. ಕುತ್ತಿಗೆಗೆ ಶೆಟ್ಟೆವ್ವ ಹೊಲಿದ ಬಿಳಿಯ ಅರಿವೆ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂರುತ್ತಾನೆ. ತುಟಿ ಅಲ್ಲಾಡಿಸಿದರೆ ಸಣ್ಣ ಮಾತು ಅವಳಿಗೆ ತಿಳಿಯುತ್ತದೆ, ಉದ್ದದ್ದು ತಿಳಿಯುವುದಿಲ್ಲ. ಉದ್ದದ್ದಕ್ಕೆ ಟ್ಯಾಬು. ಅವನು ಒತ್ತಿದರೆ ಆ ಹೆಂಗಸು, “ಪಲ್ಯದಲ್ಲಿ ಉಪ್ಪು ಕಡಿಮೆಯಾಗಿದೆ” ಎನ್ನುತ್ತಾಳೆ. ಯಾವ ಊರಿನವಳೋ, ಉಪ್ಪಿನ ಮಾತಿಗೂ ಟಿವಿಯಲ್ಲಿ ಸುದ್ದಿ ಹೇಳುವವರ ಠೀವಿ. ಮೊದಮೊದಲು ಶೆಟ್ಟೆವ್ವ ಆಫೀಸಿನ ಅಮ್ಮಾರಿಗೆ ಹೇಳಿದಂತೆ “ಹೌದ್ರಿ, ಹಾಕ್ತೇನ್ರಿ” ಎಂದುಬಿಡುತ್ತಿದ್ದಳು. ಆಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ಪೇಪರನ್ನು ಫೋಟೋ ಹೊಡೆದು ಇಟ್ಟರೆ ಆ ಹೆಂಗಸು ಪೇಪರೂ ಓದುತ್ತಾಳೆ. ಎರಡು ಸಂಜೆ ಓದಿಸಿದರು. ಎಲ್ಲೂ ಒಗ್ಗರಣೆ ಇಲ್ಲ, ನಗೆ ಇಲ್ಲ. ಮೂರನೆಯ ಸಂಜೆ ಅವಳೇ ಸಾಕೆಂದಳು.

ಮೊನ್ನೆ ಒಂದು ಮಧ್ಯಾಹ್ನ ಇಬ್ಬರೇ ಇದ್ದರು. ಊಟವಾಗಿ ಅವಳು ತಾಟು ತೊಳೆದಿಟ್ಟು ಅವನ ಪಕ್ಕ ಬಂದು ಕೂತಳು. ತಿಂಗಳುಗಟ್ಟಲೆ ಒಳಗೆ ಹಿಡಿದಿಟ್ಟದ್ದು ಅವತ್ತು ಯಾಕೋ ತಡೆಯಲಿಲ್ಲ.

“ನಾನ ತಡದೆ. ನಾ ಬ್ಯಾಡ ಅಂದಿರದಿದ್ರ ಅವತ್ತ ಬರತಿತ್ತು. ನಿಮಗ ನನ್ನ ಮ್ಯಾಲ ಸಿಟ್ಟೈತೇನ್ರಿ?”

ಅವನು ಇಲ್ಲವೆಂದು ತಲೆಯಾಡಿಸಿದ.

“ಅವತ್ತ ಗಾಡ್ಯಾಗ ಏನೋ ಹೇಳಾಕ ಬಂದ್ರಿ. ನಾ ಬಾಯಿ ಮುಚ್ಚಿದೆ. ಏನದು?”

ಶಂಕ್ರೆಪ್ಪ ಅವಳ ಕಡೆ ತಿರುಗಿದ. ತುಟಿ ಎರಡು ಸಲ ಅಲ್ಲಾಡಿತು, ಅವಳಿಗೆ ತಿಳಿಯಲಿಲ್ಲ. ಆಮೇಲೆ ಟ್ಯಾಬನ್ನು ತೊಡೆಯ ಮೇಲೆ ಇಟ್ಟುಕೊಂಡು ದಪ್ಪ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತತೊಡಗಿದ. ಒಂದು ಸಾಲಾಯಿತು, ಎರಡಾಯಿತು. ಅವನು ನಿಲ್ಲಿಸಲಿಲ್ಲ. ನಾಲ್ಕನೆಯ ಸಾಲು ಅರ್ಧಕ್ಕೆ ಬಂದಾಗ ಬೆರಳು ನಿಂತಿತು. ಅವನು ಬೆರಳನ್ನು ಸ್ಪೀಕರಿನ ಚಿತ್ರದ ಮೇಲೆ ತಂದ, ಆದರೆ ಒತ್ತಲಿಲ್ಲ.

“ಒತ್ತ್ರಿ,” ಎಂದಳು. “ಆಕಿ ಧ್ವನಿ ಆದ್ರ ಆಗ್ಲಿ. ನನಗೇನ ಬ್ಯಾಸರಿಲ್ಲ.”

ಅವನು ತಲೆಯಾಡಿಸಿದ. ನೀರು, ಗುಳಿಗೆ, ಉಪ್ಪು, ಎಲ್ಲವನ್ನೂ ಅವನು ಆ ಹೆಂಗಸಿನ ಬಾಯಿಗೆ ಒಪ್ಪಿಸಿದ್ದ. ಇದನ್ನು ಒಪ್ಪಿಸಲು ಅವನಿಗೆ ಮನಸ್ಸಾಗಲಿಲ್ಲ. ಬೆರಳನ್ನು ಅಲ್ಲಿಂದ ತೆಗೆದು ಅಳಿಸುವ ಗುಂಡಿಯ ಮೇಲೆ ಇಟ್ಟ. ಕೊನೆಯ ಸಾಲಿನಿಂದ ಅಕ್ಷರಗಳು ಒಂದೊಂದಾಗಿ ಹೋಗತೊಡಗಿದವು. ಶೆಟ್ಟೆವ್ವ ಬಾಗಿ ನೋಡುತ್ತಿದ್ದಳು. ಎಲ್ಲವೂ ಅವಳ ಕಣ್ಣ ಮುಂದೆಯೇ ಇತ್ತು, ಕೇಳಬೇಕೆಂದು ಅವಳು ಹಂಬಲಿಸಿದ್ದು ಪೂರ್ತಿಯಾಗಿ, ಸ್ಪಷ್ಟವಾಗಿ ಬರೆದಿತ್ತು. ಮೂರನೆಯ ಸಾಲು ಹೋಯಿತು. ಎರಡನೆಯದು ಹೋಯಿತು. ಮೊದಲ ಸಾಲಿನ ಮೊದಲ ಅಕ್ಷರ ಹೋಗುವ ತನಕ ಅವಳು ಕಣ್ಣು ಮಿಟುಕಿಸಲಿಲ್ಲ. ಅಷ್ಟು ಅಕ್ಷರಗಳಲ್ಲಿ ಒಂದೇ ಒಂದನ್ನೂ ಅವಳು ಓದಲಾರದೆ ಹೋದಳು.

ಅವಳ ಮುಖ ನೋಡಲಾರದೆ ಅವನು ಚಿತ್ರಗಳ ಕಡೆ ತಿರುಗಿ, ಕೈಗೆ ಸಿಕ್ಕಿದ ಒಂದನ್ನು ಒತ್ತಿದ.

“ನನಗೆ ಹಸಿವಾಗಿದೆ. ದಯವಿಟ್ಟು ಊಟ ಬಡಿಸಿ,” ಎಂದಳು ಆ ಹೆಂಗಸು.

ಶೆಟ್ಟೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ಒಳಗೆ ಹೋದಳು. ಅವನ ಊಟವಾಗಿ ಇನ್ನೂ ಅರ್ಧ ತಾಸೂ ಕಳೆದಿರಲಿಲ್ಲ.